ಬೆನ್ನಿನೊಳಗಿನ ಹೆಸರು

"ಹುಬ್ಬಳ್ಳೀ, ಹುಬ್ಬಳ್ಳೀ, ಕೊಪ್ಪಳ, ಗದಗ, ಹುಬ್ಬಳ್ಳೀ..." ಎನ್ನುತ್ತಿದ್ದ ಕುಬೇರಪ್ಪ ತಗಡಿನ ತುತ್ತೂರಿಯನ್ನು ಬಾಯಿಂದ ತೆಗೆದು ಕ್ಯಾಂಟೀನಿನ ಕಂಬದ ಹಿಂದೆ ಸರಿದುಕೊಂಡ. ಯಲಬುರ್ಗಾ ಕಡೆಯಿಂದ ಬಂದು ನಿಂತ ಬಸ್ಸಿನಿಂದ ಪಕ್ಕೀರವ್ವ ಇಳಿಯುತ್ತಿದ್ದಳು. ಮೊದಲು ಬಾಗಿಲ ಸರಳನ್ನು ಹಿಡಿದ ಕೈ ಕಂಡಿತು. ಎರಡು ಬೆರಳಿಗೆ ತುದಿಯೇ ಇರಲಿಲ್ಲ. ಉಳಿದವಕ್ಕೆ ಹಳೆಯ ಸ್ವೆಟರಿನಿಂದ ಕತ್ತರಿಸಿದ ಉಣ್ಣೆಯ ಪಟ್ಟಿ ಸುತ್ತಿತ್ತು. ಆಮೇಲೆ ಮುಖ ಕಂಡಿತು, ಅದೇ ಬಿಗಿದ ಮುಖ, ಅದೇ ಸಣ್ಣಗಾದ ಬಾಯಿ. ಗಂಡ ಮುದಿಯಪ್ಪ ಕೆಳಗೆ ನಿಂತು ಕೈ ಚಾಚಿದರೆ ಅವಳು ಅದನ್ನು ಹಿಡಿಯದೆ ಮೂರು ಮೆಟ್ಟಿಲನ್ನೂ ತಾನೇ ಇಳಿದಳು, ಇಳಿದು ನಿಂತು ಏನೋ ಹೇಳಿದಳು, ಹೇಳುತ್ತಲೇ ಗಂಟನ್ನು ಎತ್ತಿ ಸೊಂಟಕ್ಕೇರಿಸಿದಳು. ಕಂಬದ ಸಂದಿಯಿಂದ ಕುಬೇರಪ್ಪ ಅವಳ ಎದೆಯನ್ನೇ ನೋಡುತ್ತಿದ್ದ. ಮಾತಿನ ನಡುವೆ ಉಸಿರು ತುಂಡಾಗುತ್ತದೆಯೇ, ಗಂಟು ಎತ್ತಿದ ಮೇಲೆ ಭುಜ ಮೇಲೇರುತ್ತದೆಯೇ ಎಂದು ಕಾಯುತ್ತಿದ್ದ. ಏನೂ ಆಗಲಿಲ್ಲ. ಪರರ ಹೆಂಡತಿಯ ಎದೆಯನ್ನು ಹೀಗೆ ನೋಡುವುದನ್ನು ಯಾರಾದರೂ ಕಂಡರೆ ಏನೆಂದುಕೊಂಡಾರು ಎಂದು ಅವನಿಗೆ ನಾಚಿಕೆಯಾಯಿತು. ತಾನು ನಿಜವಾಗಿ ಏನನ್ನು ಹುಡುಕುತ್ತಿದ್ದೇನೆಂದು ತಿಳಿದರಂತೂ ಇನ್ನೂ ಕೆಟ್ಟದ್ದು ಅಂದುಕೊಂಡಾರು ಎಂದು ಹೊಳೆದು ಕಿವಿ ಬಿಸಿಯಾಯಿತು.

"ಏ ಕಂಟ್ರೋಲರ್ ಸಾಹೇಬ್ರ! ಕಂಬಕ್ಕ ಜೋತು ಬಿದ್ದೀರಿ, ಗಾಡಿ ಬಿಡವ್ರು ಯಾರ್ರಿ?" ಮುದಿಯಪ್ಪ ಅಲ್ಲಿಂದಲೇ ಕೂಗಿದ.

ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಹನ್ನೊಂದು ವರ್ಷದಿಂದ ಗಾಡಿ ಬಿಡುತ್ತಿದ್ದ ಕುಬೇರಪ್ಪನಿಗೆ ಬರುವವರಿಂದಲೂ ಹೋಗುವವರಿಂದಲೂ ತಪ್ಪಿಸಿಕೊಳ್ಳುವುದು ಗೊತ್ತಿತ್ತು, ಆದರೆ ಇವತ್ತು ಸಿಕ್ಕಿಬಿದ್ದಿದ್ದ. ನಕ್ಕ. ತುತ್ತೂರಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ಅಕ್ಕ ಹೆಂಗದಾಳ್ರಿ ಯಣ್ಣಾ?" ಎಂದು ಪಕ್ಕೀರವ್ವ ಅವನ ಹೆಂಡತಿಯನ್ನು ವಿಚಾರಿಸಿದಳು.

"ಛಲೋ ಅದಾಳವಾ."

"ಆಸ್ಪತ್ರ್ಯಾಗ ಕಾಣಲೇ ಇಲ್ಲ. ನಾವು ಎರಡೆರಡು ತಿಂಗಳಿಗೆ ಹೋಗತೀವಿ, ಆ ಕಡೆ ಮಂಚ ನೋಡತೀನಿ, ಈ ಕಡೆ ಮಂಚ ನೋಡತೀನಿ. ಒಮ್ಮೆಯಾದ್ರೂ ಸಿಗಬಾರದೇನ್ರಿ? ಇವತ್ತು ಹೇಮಗುಡ್ಡಕ್ಕ ಹೊಂಟೀವಿ. ಹರಕಿ ಹೊತ್ತಿದ್ದೆ, ಯಾರ ಕೈನೂ ಹಿಡೀದ ಗುಡ್ಡ ಏರತೀನಿ ಅಂತ. ಮನಿ ಎಲ್ಲೈತಿ ಹೇಳ್ರಿ, ಮೊದಲ ಆಕಿನ್ನ ನೋಡಿ ಹೋಗೂಣು."

"ಕುಷ್ಟಗಿಗೆ ಹೋಗ್ಯಾಳ," ಎಂದ ಕುಬೇರಪ್ಪ. "ಮಗಳ ಮನಿಗೆ."

ಎಷ್ಟು ಸಲೀಸಾಗಿ ಬಂದುಬಿಟ್ಟಿತು! ಮೊದಲ ಸುಳ್ಳಿಗೆ ಮೂರು ದಿನ ಹಿಡಿದಿತ್ತು, ಇದಕ್ಕೆ ಉಸಿರೆಳೆಯುವಷ್ಟು ಹೊತ್ತೂ ಬೇಕಾಗಲಿಲ್ಲ. ಪಕ್ಕೀರವ್ವನ ಮುಖದಲ್ಲಿ ನಿರಾಸೆಯೋ ಅನುಮಾನವೋ ಒಂದೂ ಕಾಣಿಸಲಿಲ್ಲ. ಚರ್ಮ ಬಿಗಿಯುವ ಆ ರೋಗದ ಮುಖವೇ ಹಾಗೆ, ಅದರ ಮೇಲೆ ಏನೂ ಬರೆಯಲಾಗುವುದಿಲ್ಲ. ಅವರನ್ನು ಹೇಮಗುಡ್ಡದ ಗಾಡಿಗೆ ಅವನೇ ಹತ್ತಿಸಿದ. ಅವಳು ಹತ್ತುವಾಗ ಮತ್ತೆ ನೋಡಿದ. ಮೆಟ್ಟಿಲು ಎತ್ತರವಿತ್ತು. ಅವಳು ಸರಕ್ಕನೆ ಏರಿ ಕಿಟಕಿಯ ಪಕ್ಕ ಕೂತು, ಮೊಂಡು ಬೆರಳಿನ ಕೈಯನ್ನು ಹೊರಗೆ ಹಾಕಿ ಬೀಸಿದಳು.

ಆಸ್ಪತ್ರೆಯಲ್ಲಿ ಮೊದಲ ಸಲ ಆ ಕೈ ನೋಡಿದಾಗ ಅವನಿಗೆ ಒಳಗೊಳಗೇ ಸಮಾಧಾನವಾಗಿತ್ತು. ಹಿಂದಿನ ವರ್ಷ ಶಿವರಾತ್ರಿ ಮುಗಿದ ವಾರ. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ಹೆಂಡತಿ ಹುಲಗಮ್ಮನ ಪಕ್ಕದ ಮಂಚದಲ್ಲಿ ಈ ಯಲಬುರ್ಗಾದ ಹೆಂಗಸು ಬೆರಳ ತುದಿ ಕಪ್ಪಾಗಿ ನರಳುತ್ತಿದ್ದಳು. ಇಬ್ಬರಿಗೂ ಒಂದೇ ರೋಗ, ಚರ್ಮ ಗಟ್ಟಿಯಾಗುವ ರೋಗ ಎಂದಿದ್ದರು. ತನ್ನ ಹೆಂಡತಿಯ ಹತ್ತೂ ಬೆರಳು ನೆಟ್ಟಗಿದ್ದವು. ಊದಿಕೊಂಡು ಬಿಗಿದಿದ್ದವು ನಿಜ, ಚಳಿಗೆ ಸುಣ್ಣ ಹಚ್ಚಿದಂತೆ ಬೆಳ್ಳಗಾಗುತ್ತಿದ್ದವು ನಿಜ, ಆದರೆ ಇದ್ದವು. 'ಪಾಪ, ಈಕಿ ಉಳಿಯೂದು ಕಷ್ಟ' ಎಂದು ಅವನು ಮುದಿಯಪ್ಪನಿಗೆ ಬಾಳೆಹಣ್ಣು ಕೊಟ್ಟಿದ್ದ, ಧೈರ್ಯ ಹೇಳಿದ್ದ. ಕೊಡುವವನ ಜಾಗದಲ್ಲಿ ನಿಲ್ಲುವುದು ಎಷ್ಟು ಹಿತವಾಗಿತ್ತು. ಆಗ ಕನ್ನಡಕದ ಆ ಡಾಕ್ಟರು ಅವನನ್ನು ಮೊಗಸಾಲೆಗೆ ಕರೆದು ಹೇಳಿದ್ದ: "ಈ ಬ್ಯಾನಿ ಕೈ ನೋಡಿ ಹೇಳಾಕ ಬರೂದಿಲ್ರಿ. ಆ ಹೆಣಮಗಳ ಬೆರಳು ಹೋದ್ರೂ ಎದಿ ಸ್ವಚ್ಛ ಐತಿ. ನಿಮ್ಮ ಮನಿಯವರಿಗೆ ಪುಪ್ಪುಸದ ಬುಡಕ್ಕ ಗಟ್ಟಿ ಆಗಾಕ ಸುರು ಆಗೈತಿ. ಮ್ಯಾಲೆ ಇನ್ನೂ ಜಾಗ ಐತಿ. ಔಷಧ ಹಾಕಿ ನೋಡತೀನಿ, ಖಾತ್ರಿ ಹೇಳೂದಿಲ್ಲ. ಆದ್ರ ಎರಡು ತಿಂಗಳಿಗೊಮ್ಮೆ ಬರಾಕಬೇಕು. ಬಿಡಬ್ಯಾಡ್ರಿ." ಮೂವತ್ತು ದಾಟಿರಲಿಲ್ಲ ಅವನಿಗೆ. ಹೇಳುವಾಗ ಕುಬೇರಪ್ಪನ ಭುಜದ ಮೇಲೆ ಕೈ ಇಟ್ಟಿದ್ದ. ಆ ಕೈಯನ್ನು ಕುಬೇರಪ್ಪ ತಟ್ಟಿ ಹಾಕಬೇಕೆಂದುಕೊಂಡಿದ್ದ. ಯಾಕೆಂದರೆ ಅಷ್ಟರಲ್ಲಾಗಲೇ ಪರದೆಯ ಹಿಂದಿನದು ನಡೆದುಹೋಗಿತ್ತು.

ಹಸಿರು ಬಟ್ಟೆಯ ಪರದೆ. ಒಳಗೆ ಹುಲಗಮ್ಮ, ಆ ಡಾಕ್ಟರು, ಮೂರು ನಾಲ್ಕು ಕಲಿಯುವ ಹುಡುಗರು, ಒಬ್ಬಳು ನರ್ಸು. ಹೊರಗೆ ಸ್ಟೂಲಿನ ಮೇಲೆ ಕುಬೇರಪ್ಪ. ಡಾಕ್ಟರು ಕೇಳುತ್ತಿದ್ದ, ಹುಲಗಮ್ಮ ಹೇಳುತ್ತಿದ್ದಳು. ಬೆರಳು ಬೆಳ್ಳಗಾಗಲಿಕ್ಕೆ ಹತ್ತಿ ಮೂರು ಚಳಿಗಾಲ ಆಯಿತ್ರಿ, ಮೊದಲು ಬೆಳ್ಳಗ, ಆಮ್ಯಾಲೆ ನೀಲಿ, ಆಮ್ಯಾಲೆ ಬೆಂಕಿ ಹಚ್ಚಿದಂಗ. ರೊಟ್ಟಿ ಗಂಟಲದಾಗ ನಿಂದರತೈತ್ರಿ, ನೀರು ಕುಡದು ಇಳಸತೀನಿ. ಮಲಗಿದ್ರ ಕೆಮ್ಮು ಬರತೈತಂತ ಗೋಡಿಗೆ ಒರಗಿ ಕುಂದರತೀನ್ರಿ. ಎಷ್ಟು ದಿನದಿಂದ? ಹೋದ ದೀಪಾವಳಿಂದ. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವೇನವ್ವ? ತನ್ನದೇ ಮನೆಯಲ್ಲಿ, ತನ್ನ ಚಾಪೆಯಿಂದ ಒಂದು ಮೊಳದ ಆಚೆ, ಹೆಂಡತಿ ಗೋಡೆಗೆ ಒರಗಿ ರಾತ್ರಿ ಕಳೆದದ್ದನ್ನು ಅವನು ಸ್ಟೂಲಿನ ಮೇಲೆ ಕೂತು ಪರಪುರುಷನ ಜೊತೆಜೊತೆಗೆ ಮೊದಲ ಸಲ ಕೇಳಿಸಿಕೊಳ್ಳುತ್ತಿದ್ದ. ಮೊದಲ ಚಳಿಗಾಲದಲ್ಲಿ ಅವಳ ಕೈಯಿಂದ ಪಿಂಗಾಣಿಯ ಬಸಿ ಜಾರಿ ಒಡೆದಾಗ 'ಕೈಯಾಗ ಜೀವ ಇಲ್ಲೇನ ನಿನಗ?' ಎಂದು ಒದರಿದ್ದು ನೆನಪಾಯಿತು. ಅವಳು ಆಗ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಿದ್ದಳು, ನಿಜವಾಗಿ ಅದನ್ನೇ ಪರೀಕ್ಷಿಸುವವಳಂತೆ.

"ಈಗ ಬೆನ್ನು ಈ ಕಡೆ ಮಾಡವ್ವಾ. ಒಂದ ಮಾತು ತಿರುತಿರುಗಿ ಅನಬೇಕು, ನಾನು ಬೆನ್ನಿನಿಂದ ಕೇಳತೀನಿ."

"ಏನಂತ ಅನ್ಲಿರಿ?"

"ಏನಾರ ಅನ್ನು. ಗಂಡನ ಹೆಸರು ಹೇಳು."

ಹುಡುಗರು ಕಿಸಕ್ಕೆಂದರು. ಹೊರಗೆ ಕುಬೇರಪ್ಪನೂ ನಕ್ಕ. ಈ ಹುಡುಗ ಡಾಕ್ಟರಿಗೆ ಏನು ಗೊತ್ತು ಎಂದುಕೊಂಡ. ಇಪ್ಪತ್ತಾರು ವರ್ಷದ ಹಿಂದೆ, ಹಿಟ್ನಾಳದಿಂದ ಹೆಣ್ಣನ್ನು ಮನೆತುಂಬಿಸಿಕೊಳ್ಳುವಾಗ ಅವನ ಅಕ್ಕತಂಗಿಯರು ಹೊಸ್ತಿಲಲ್ಲಿ ಅಡ್ಡ ಕೂತು 'ಹೆಸರು ಹೇಳು, ಬಾಗಲಾ ಬಿಡತೀವಿ' ಎಂದು ಪಟ್ಟು ಹಿಡಿದಿದ್ದರು. ಪ್ರಾಸ ಕಟ್ಟಿದ ಒಡಪಿನಲ್ಲಿ ಸೇರಿಸಿ ಒಮ್ಮೆ ಗಂಡನ ಹೆಸರು ಹೇಳಬೇಕು. ಅದೊಂದು ಸಲ ಬಿಟ್ಟರೆ ಮುಂದೆ ಹೇಳುವಂತಿಲ್ಲ, ಹೇಳಿದರೆ ಗಂಡನ ಆಯುಷ್ಯ ಕಡಿಮೆ. ಅವಳು ಒಡಪನ್ನು ಪಟಪಟ ಹೇಳಿ, ಹೆಸರು ಬರುವ ಜಾಗದಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನುಂಗಿಬಿಟ್ಟಿದ್ದಳು. ಎಲ್ಲರೂ ನಕ್ಕು ಬಾಗಿಲು ಬಿಟ್ಟಿದ್ದರು. ಅವನು ಮಾತ್ರ ಆ ನುಂಗಿದ ಹೆಸರಿಗಾಗಿ ಎಷ್ಟೋ ದಿನ ಕಾದಿದ್ದ, ಚೇಷ್ಟೆ ಮಾಡಿ ಕೇಳಿದ್ದ, ಸಿಟ್ಟು ಮಾಡಿ ಕೇಳಿದ್ದ, ಕೊನೆಗೆ ಮರೆತಿದ್ದ. ರೇಷನ್ ಅಂಗಡಿಯಲ್ಲಿ ಕೇಳಿದರೂ 'ಬಸ್‌ಸ್ಟ್ಯಾಂಡಿನವರು' ಎನ್ನುವವಳು. ಮನೆಯಲ್ಲಿ 'ಕೇಳಿದ್ರೇನು' ಎನ್ನುವವಳು.

"ಕುಬೇರಪ್ಪ," ಎಂಬುದು ಪರದೆಯ ಒಳಗಿಂದ ಕೇಳಿಸಿತು.

"ಹಾಂ. ಇನ್ನೊಮ್ಮೆ."

"ಕುಬೇರಪ್ಪ."

"ಇಲ್ಲಿ? ಅನ್ನು."

"ಕುಬೇರಪ್ಪ."

ನಾಚಿಕೆಯಿಲ್ಲ, ಅಳುಕಿಲ್ಲ. ಯಾವುದೋ ಊರಿನ ಹೆಸರು ಹೇಳುವಂತೆ, ತಾನು ತುತ್ತೂರಿಯಲ್ಲಿ ಕೊಪ್ಪಳ ಕುಷ್ಟಗಿ ಎಂದು ಕೂಗುವಂತೆ. ಒಂದೊಂದು ಸಲಕ್ಕೂ ಸ್ಟೆಥಾಸ್ಕೋಪು ಅವಳ ಬೆನ್ನಿನ ಮೇಲೆ ಒಂದೊಂದು ಜಾಗಕ್ಕೆ ಸರಿಯುತ್ತಿದೆಯೆಂದು ಅವನಿಗೆ ನೋಡದೆಯೇ ಗೊತ್ತಾಗುತ್ತಿತ್ತು. ತನ್ನ ಹೆಸರು ಅವಳ ಎದೆಯೊಳಗೆ ಹುಟ್ಟಿ, ಪಕ್ಕೆಲುಬಿನ ಸಂದಿನಿಂದ ರಬ್ಬರಿನ ನಳಿಗೆಯಲ್ಲಿ ಹಾದು, ಆ ಹುಡುಗನ ಎರಡೂ ಕಿವಿಯೊಳಕ್ಕೆ ಇಳಿಯುತ್ತಿತ್ತು. ತನಗೆ ದಕ್ಕಿದ್ದು ಪರದೆ ದಾಟಿ ಬಂದ ಉಳಿಕೆ. ಆಮೇಲೆ ಆ ಹುಡುಗರೂ ಒಬ್ಬೊಬ್ಬರಾಗಿ ಕೇಳಿದರು. ಎಣಿಸಬಾರದೆಂದುಕೊಂಡು ತುತ್ತೂರಿಯ ಹಿಡಿಯಿಂದ ದಡ್ಡುಗಟ್ಟಿದ ತನ್ನ ಅಂಗೈಯನ್ನು ನೋಡುತ್ತ ಕೂತ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೇಳಿದ್ದ: "ಅಷ್ಟೆಲ್ಲಾ ಅವಗ ಹೇಳಿದಿ. ನನಗೊಂದಿನ ಹೇಳಲಿಲ್ಲಲ್ಲ?"

"ಅವರು ಕೇಳಿದ್ರು," ಎಂದಳು ಹುಲಗಮ್ಮ.

ಅಲ್ಲಿಂದ ಅವನ ಕಣ್ಣಿಗೆ ಎಲ್ಲದಕ್ಕೂ ಬೇರೆ ಅರ್ಥ ಹತ್ತತೊಡಗಿತು. ಚರ್ಮ ಬಿಗಿದು ಅವಳ ಹಣೆಯ ಗೆರೆಗಳು ಅಳಿಸಿಹೋಗಿದ್ದವು. ಕಣ್ಣಿನ ಬದಿಯ ನೆರಿಗೆ ಮಾಯವಾಗಿತ್ತು. ಕಂಡಕ್ಟರ್ ಶಾಮೀದಸಾಬ ಒಂದು ದಿನ ಮನೆಗೆ ಬಂದು ಚಹಾ ಕುಡಿದು ಹೋದವನು ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಎದುರಿಗೆ, "ಅಲ್ಲೋ ಕುಬೇರಣ್ಣಾ, ನಿನ್ನ ತಲಿ ಜವಾರಿ ಹತ್ತಿ ಆಗೇತಿ, ಅಕ್ಕ ದಿನಾ ಹೋದಂಗ ಹುಡುಗಿ ಆಗಾಕತ್ತ್ಯಾಳ. ಮುಂದಿನ ವರ್ಷ ನಿನ್ನ ಮಗಳು ಅಂತ ಅರ್ಧಾ ಟಿಕೆಟ್ ಹರೀಬೇಕು ನಾನು" ಎಂದಿದ್ದ. ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಮನೆಗೆ ಬಂದು ಅವಳನ್ನು ನೋಡಿದರೆ ಆ ಮುಖ ನಗುತ್ತಿರಲಿಲ್ಲ. ಬಾಯಿ ಅಗಲವಾಗದು ಎಂದು ಅವನಿಗೆ ಗೊತ್ತಿತ್ತು, ಡಾಕ್ಟರು ಹೇಳಿದ್ದ. ಆದರೂ ಆ ನಗೆಯನ್ನು ಅವಳು ಎಲ್ಲೋ ಬೇರೆಯವರಿಗಾಗಿ ಕಟ್ಟಿಡುತ್ತಿದ್ದಾಳೆ ಎಂದೇ ಅನಿಸುತ್ತಿತ್ತು. ಗೊತ್ತಿರುವುದಕ್ಕೂ ಅನಿಸುವುದಕ್ಕೂ ಸಂಬಂಧವೇ ಇರಲಿಲ್ಲ. ರಾತ್ರಿ ಅವಳು ಗೋಡೆಗೆ ಒರಗಿ ಕೂತಿದ್ದನ್ನು ಈಗ ಅವನು ಎಚ್ಚರಿದ್ದು ನೋಡುತ್ತಿದ್ದ, ಏನು ಯೋಚಿಸುತ್ತಿರಬಹುದು ಎಂದು ಯೋಚಿಸುತ್ತಿದ್ದ, 'ಏನಾಗತೈತಿ?' ಎಂದು ಮಾತ್ರ ಕೇಳುತ್ತಿರಲಿಲ್ಲ. ಈಗ ಕೇಳಿದರೆ ಆ ಹುಡುಗ ಡಾಕ್ಟರನ್ನು ನೋಡಿ ಕಲಿತಂತಾಗುತ್ತಿತ್ತು.

ಎರಡು ತಿಂಗಳು ತುಂಬಿದಾಗ ಅವಳು ಟ್ರಂಕಿನಿಂದ ಹಸಿರು ಇಳಕಲ್ ಸೀರೆ ತೆಗೆದಳು. ಮಗಳ ಮದುವೆಯಲ್ಲಿ ಉಟ್ಟದ್ದು. ಮಡಿಸಲಾಗದ ಬೆರಳುಗಳಿಂದ ನಿರಿಗೆಯ ಸುಕ್ಕು ತೀಡುತ್ತ, "ನನ್ನ ಮಾರಿ ಭಾಳ ಕಪ್ಪಾಗೇತೇನ್ರಿ?" ಎಂದು ಕೇಳಿದಳು. ಅವನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ಮೆಟ್ಟಿ ಓಣಿಗೆ ಇಳಿದ. ಮೂರು ದಿನ ಆ ಸೀರೆ ಹಗ್ಗದ ಮೇಲೆ ತೂಗುತ್ತಿತ್ತು, ಮೂರು ದಿನ ಅದರ ಪಕ್ಕದಲ್ಲಿ ಹಾದು ಹೋದ. ನಾಲ್ಕನೆಯ ದಿನ ಊಟಕ್ಕೆ ಕೂತವನು ತಟ್ಟೆ ನೋಡುತ್ತ, "ಆ ಡಾಕ್ಟರು ಬಳ್ಳಾರಿಗೆ ವರ್ಗ ಆಗ್ಯಾನಂತ. ಅಲ್ಲಿ ಈಗ ಯಾರೂ ಇಲ್ಲಂತ. ಹೊಸಬರು ಬಂದ ಮ್ಯಾಲೆ ಹೋದ್ರಾತು" ಎಂದ. "ಹೌದಾ," ಎಂದಳು. ಅಷ್ಟೇ. ಸಂಜೆ ಸೀರೆ ಹಗ್ಗದ ಮೇಲೆ ಇರಲಿಲ್ಲ. ಒಂದು ವಾರ ಅವನಿಗೆ ಹೊಟ್ಟೆ ತಂಪಾಗಿತ್ತು, ಮಲ್ಲಿಗೆ ಹೂ ಕೂಡ ತಂದಿದ್ದ. ಆಮೇಲೆ ಕೆಮ್ಮು ಹಗಲಿಗೂ ಬಂತು. ಗಂಗಾವತಿಯ ಡಾಕ್ಟರ ಕೆಂಪು ನೀರಿನ ಔಷಧ ತಂದುಕೊಟ್ಟ. ಪಾಸು ಇತ್ತು, ರಜೆ ಇತ್ತು. ದಿನಾ ಬೆಳಿಗ್ಗೆ ಹುಬ್ಬಳ್ಳಿ ಗಾಡಿಯನ್ನು ಬಿಡುವವನು ಅವನೇ ಆಗಿದ್ದ. ಮುಂದಿನ ವಾರ ಎಂದುಕೊಳ್ಳುತ್ತಿದ್ದ. ಹೋದರೆ ಪರದೆಯ ಒಳಗಿಂದ ಮತ್ತೆ ಅದೇ ಧ್ವನಿಯಲ್ಲಿ ಅದೇ ಹೆಸರು ಕೇಳಬೇಕು, ವರ್ಗವಾದವನು ಎದುರಿಗೆ ನಿಂತಿರುತ್ತಾನೆ, ಸುಳ್ಳು ಬಯಲಾಗುತ್ತದೆ. ಹೀಗೆ ಎಂಟು ತಿಂಗಳು ಹೋಗಿದ್ದವು. ಈಗ ಅವಳು ಒಲೆಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಒಮ್ಮೆ ನಿಲ್ಲುತ್ತಿದ್ದಳು.

ಮಧ್ಯಾಹ್ನ ಪಾಳಿ ಮುಗಿಸಿ ಅವನು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಗೆ ಇಳಿದಾಗ ಬಾಗಿಲಲ್ಲಿ ಮುದಿಯಪ್ಪನ ಕಿರುಗುಟ್ಟುವ ಮೆಟ್ಟು ಬಿಟ್ಟಿದ್ದವು. ಪಕ್ಕದಲ್ಲಿ ಪಕ್ಕೀರವ್ವನ ಸಣ್ಣ ಚಪ್ಪಲಿ, ಗುಡ್ಡದ ಕೆಂಪು ಮಣ್ಣು ಮೆತ್ತಿದ್ದು. ತಿರುಗಿ ಹೋಗಿಬಿಡಲೇ ಎಂದುಕೊಂಡ. ಅಷ್ಟರಲ್ಲಿ ಒಳಗಿಂದ ಮುದಿಯಪ್ಪ, "ಬರ್ರಿ ಬರ್ರಿ ಸಾಹೇಬ್ರ, ನಿಮ್ಮ ಮನಿಗೆ ನಾವ ಕರಿಯೂ ಹಂಗಾತು!" ಎಂದ.

ಹುಲಗಮ್ಮ ಮಡಿಸಿದ ಕೌದಿಗೆ ಒರಗಿ ಕೂತಿದ್ದಳು. ಎದುರಿಗೆ ಕಾಯಿ ಹೋಳು, ಕುಂಕುಮ, ಬಾಳೆಹಣ್ಣು. ಇಬ್ಬರು ಹೆಂಗಸರೂ ಎದುರುಬದುರು ಕೂತದ್ದು ನೋಡಿದರೆ ಒಂದೇ ತಾಯಿಯ ಮಕ್ಕಳಂತಿದ್ದರು, ಅದೇ ಮೂಗು, ಅದೇ ಬಾಯಿ. ರೋಗ ಇಬ್ಬರನ್ನೂ ಒಂದೇ ಅಚ್ಚಿನಲ್ಲಿ ಒತ್ತಿತ್ತು. ಒಬ್ಬಳ ಸೆರಗು ಎದೆಯ ಮೇಲೆ ಸುಮ್ಮನೆ ಬಿದ್ದಿತ್ತು, ಇನ್ನೊಬ್ಬಳದು ಒಂದೇ ಸಮನೆ ಏರಿ ಇಳಿಯುತ್ತಿತ್ತು.

"ನೀವು ಇರೂದಿಲ್ಲಂತ ತಿಳದು ಬಾಗಲಿಗೆ ಪ್ರಸಾದ ಇಟ್ಟು ಹೋಗೂಣಂತ ಬಂದ್ವಿ ಯಣ್ಣಾ," ಎಂದಳು ಪಕ್ಕೀರವ್ವ. "ಬಸ್‌ಸ್ಟ್ಯಾಂಡಿನ್ಯಾಗ ಒಬ್ಬ ಕಂಡಕ್ಟರು ಮನಿ ತೋರಿಸಿದ. ನೋಡಿದ್ರ ಅಕ್ಕ ಕುಂತಾಳ! ಮುಂಜಾನಿ ಗಾಡಿಗೇ ಕುಷ್ಟಗಿಂದ ಬಂದ್ಳಂತಲ್ಲ. ನಿಮಗ ಗೊತ್ತಾಗಲೇ ಇಲ್ಲಂತ. ಗಾಡಿ ಬಿಡವ್ರಿಗೆ ಹೆಂಡ್ತಿ ಇಳದದ್ದು ಕಾಣಲಿಲ್ಲೇನ್ರಿ?"

ಕುಬೇರಪ್ಪ ಹೆಂಡತಿಯ ಕಡೆ ನೋಡಿದ. ಅವಳು ಕಾಯಿ ಹೋಳನ್ನು ತಟ್ಟೆಯಲ್ಲಿ ಸರಿಮಾಡುತ್ತಿದ್ದಳು. ಅವನ ಸುಳ್ಳಿಗೆ ಅವಳು ತನ್ನ ಸುಳ್ಳನ್ನು ಹೊದಿಸಿದ್ದಳು. ಯಾಕೆ ಎಂದು ಆ ಮುಖದಿಂದ ತಿಳಿಯುವಂತಿರಲಿಲ್ಲ.

"ಆದ್ರ ಅಕ್ಕ ಭಾಳ ಸೊರಗ್ಯಾಳ್ರಿ," ಎಂದ ಮುದಿಯಪ್ಪ. "ಡಾಕ್ಟರು ನಾವು ಹೋದಾಗೊಮ್ಮೆ ಕೇಳತಾರ, ಗಂಗಾವತಿ ಹೆಣಮಗಳು ಯಾಕ ಬರವಲ್ಲಳು, ನಿಮಗೇನಾರ ಗೊತ್ತೈತೇನು ಅಂತ."

"ಯಾವ ಡಾಕ್ಟರ್ರಿ?" ಎಂದಳು ಹುಲಗಮ್ಮ.

"ಅವರವಾ, ಕನ್ನಡಕದವರು."

"ಬಳ್ಳಾರಿಗೆ... ವರ್ಗ ಆಗಿಲ್ಲೇನ್ರಿ ಅವರು?"

"ಯಾರಂದ್ರು? ಹೋದ ಸೋಮವಾರ ಅವರ ಕೈಲೇ ತೋರಿಸಿಕೊಂಡು ಬಂದೀವಿ."

ಹೊರಗೆ ಯಾವುದೋ ಗಾಡಿ ಹಾರನ್ ಹಾಕಿತು. ಹುಲಗಮ್ಮ ಉಸಿರು ಕೂಡಿಸಿಕೊಂಡಳು. "ಯಾರೋ ಅಂದಿದ್ರು," ಎಂದಳು.

ಆಮೇಲೆ ಚಹಾ ಆಯಿತು, ಅವನೇ ಮಾಡಿದ. ಮುದಿಯಪ್ಪ ಶೇಂಗಾ ಬೆಳೆಯ ಮಾತಾಡಿದ, ಎತ್ತಿನ ಮಾತಾಡಿದ, ಮಾತಾಡುತ್ತಲೇ ಹೆಂಡತಿಯ ಬಸಿಯ ಚಹಾ ಊದಿ ಆರಿಸಿ ಕೊಟ್ಟ. ಎಷ್ಟೋ ಸಲ ಮಾಡಿದ ಕೆಲಸ ಎಂಬಂತೆ, ನೋಡದೆಯೇ. ಕುಬೇರಪ್ಪನಿಗೆ ಆ ಊದುವಿಕೆಯ ಮೇಲೆ ಹೊಟ್ಟೆಕಿಚ್ಚಾಯಿತು. ಆ ಮೊಂಡು ಬೆರಳುಗಳ ಮೇಲೆ ಕೂಡ ಆಯಿತು. ದೇವರು ಬೆರಳು ತೆಗೆದುಕೊಂಡು ಎದೆ ಬಿಟ್ಟಿದ್ದ. ತನಗೆ ಬೆರಳು ಬಿಟ್ಟು ತೋರಿಸಿ ಮೋಸ ಮಾಡಿದ್ದ. ಮೋಸ ಮಾಡಿದವನು ದೇವರೇ ಎಂದು ತನ್ನೊಳಗೆ ಇನ್ನೊಮ್ಮೆ ಅಂದುಕೊಂಡ, ಆದರೆ ಆ ಮಾತು ಮನಸ್ಸಿನಲ್ಲಿ ನಿಲ್ಲಲಿಲ್ಲ. ಹೋಗುವಾಗ ಪಕ್ಕೀರವ್ವ ಹುಲಗಮ್ಮನ ಗಟ್ಟಿ ಕೈಯನ್ನು ತನ್ನ ಗಟ್ಟಿ ಕೈಯಲ್ಲಿ ಹಿಡಿದು, "ನಾಳಿನೇ ಹೋಗಕ್ಕ. ಅವರು ಬೈಯೂದಿಲ್ಲ," ಎಂದಳು. ಬಾಗಿಲಾಚೆ ಬಂದು ಮುದಿಯಪ್ಪ ಕುಬೇರಪ್ಪನ ಮುಖವನ್ನು ಒಂದು ಗಳಿಗೆ ನೋಡಿದ. ಮೆಟ್ಟು ಕಿರುಗುಟ್ಟುವುದು ಓಣಿಯ ತುದಿಯವರೆಗೂ ಕೇಳಿಸಿತು.

ಒಳಗೆ ಕೆಮ್ಮು ಹತ್ತಿತ್ತು. ಒಣ ಕೆಮ್ಮು, ಏನೂ ಬಾರದ್ದು. ಅವನು ಹೋಗಿ ಅವಳ ಹಿಂದೆ ಕೂತು ಬೆನ್ನು ತೀಡಿದ. ಅವಳು ಬೇಡ ಎನ್ನಲಿಲ್ಲ. ಬಿಗಿದ ಚರ್ಮದ ಕೆಳಗೆ ಪಕ್ಕೆಲುಬುಗಳು ಬೆರಳಿಗೆ ಸಿಗುತ್ತಿದ್ದವು. ಆ ಡಾಕ್ಟರು ಸ್ಟೆಥಾಸ್ಕೋಪು ಯಾವ ಜಾಗದಲ್ಲಿ ಇಟ್ಟಿದ್ದನೋ ಎಂದುಕೊಂಡ. ಇಲ್ಲಿಯೇ, ಅಥವಾ ಇನ್ನೂ ಕೆಳಗೆಯೇ. ಕೈ ನಿಂತಿತು. ತಾನು ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ತಲೆ ಬಾಗಿಸಿ ಅವಳ ಬೆನ್ನಿಗೆ ಕಿವಿ ಇಟ್ಟ. ಮೊದಲು ತನ್ನದೇ ರಕ್ತದ ಸದ್ದು. ಆಮೇಲೆ ಅದು ಕೇಳಿಸಿತು: ಒಣಗಿದ ಜೋಳದ ಗರಿಯ ಮೇಲೆ ಯಾರೋ ಬರಿಗಾಲಲ್ಲಿ ಮೆಲ್ಲಗೆ ನಡೆದಂತೆ, ಅವಳು ಉಸಿರೆಳೆದಾಗೊಮ್ಮೆ ನಡೆದು, ನಿಂತು, ಮತ್ತೆ ನಡೆದಂತೆ. ಬುಡದಲ್ಲಿ ಮಾತ್ರವಲ್ಲ. ಕಿವಿ ಮೇಲೆ ಸರಿಸಿದ. ಅಲ್ಲಿಯೂ ನಡೆಯುತ್ತಿತ್ತು. ಇನ್ನೂ ಮೇಲೆ, ಭುಜದೆಲುಬಿನ ಹತ್ತಿರ, ಡಾಕ್ಟರು 'ಜಾಗ ಐತಿ' ಎಂದಿದ್ದ ಕಡೆ. ಅಲ್ಲಿಯೂ.

"ಒಮ್ಮೆ ನನ್ನ ಹೆಸರು ಹೇಳು," ಎಂದ. ಅವನ ಬಾಯಿ ಅವಳ ಸೀರೆಗೆ ಒತ್ತಿತ್ತು.

ಗರಿಯ ಮೇಲಿನ ಹೆಜ್ಜೆ ಮಾತ್ರ ಬಂದು ಹೋಯಿತು.

"ಬಳ್ಳಾರಿಗೆ ಹೋಗಿಲ್ಲ ಅಂವ," ಎಂದ.

"ಗೊತ್ತೈತ್ರಿ."

"ಈಗ ಗೊತ್ತಾತಲ್ಲ..."

"ಅವತ್ತೇ." ಅವಳು ನಿಂತು ನಿಂತು ಹೇಳಿದಳು. "ಸುಳ್ಳು ಹೇಳೂ ಮುಂದ ನೀವು... ತಾಟು ನೋಡತೀರಿ." ಒಂದು ಉಸಿರು. "ದಿನಾ ಮುಂಜಾನಿ ಊರಮಂದೀನೆಲ್ಲಾ ಹುಬ್ಬಳ್ಳಿಗೆ ಕರೀತಿದ್ರಿ. ಇಲ್ಲಿ ಮಟಾ ಕೇಳತಿತ್ತು." ಇನ್ನೊಂದು ಉಸಿರು. "ಇವತ್ತ ನನ್ನ ಕರೀತಾರೇನೋ ಅಂತ... ಕೂದಲಾ ಹಿಕ್ಕೊಂಡು ಕುಂದರತಿದ್ದೆ."

ಅವನು ಕಿವಿ ತೆಗೆಯಲಿಲ್ಲ. ತೆಗೆದರೆ ಮುಖ ನೋಡಬೇಕಾಗುತ್ತಿತ್ತು. ಗೋಡೆಯ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಪಾಳಿಯವನು ತುತ್ತೂರಿಯಲ್ಲಿ ಕುಷ್ಟಗಿ, ಕುಷ್ಟಗಿ ಎಂದು ಕೂಗುವುದು, ನಿಜ, ಇಲ್ಲಿಗೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳುತ್ತಿತ್ತು.

"ನಾಳಿ ಹೋಗೂಣು," ಎಂದ ಅವಸರದಿಂದ. "ಮೊದಲನೇ ಗಾಡಿಗೆ. ಮುಂದಿನ ಸೀಟು ಹಿಡದಿಡತೀನಿ, ಕಿಟಕಿ ಮುಚ್ಚಸತೀನಿ. ಹಸಿರು ಸೀರಿ ಉಟ್ಟುಕೊ. ನಾ ಪರದಿ ಹೊರಗ ಕುಂದರತೀನಿ, ಒಳಗ ಬರೂದಿಲ್ಲ. ಅಂವ ಏನು ಕೇಳತಾನ ಎಲ್ಲಾ ಹೇಳು. ಎಷ್ಟು ಸಲಾನಾರ ಹೇಳು. ಹುಲಗೀ, ಹೋಗೂಣಲಾ?"

ಅವಳ ಬೆನ್ನು ಒಮ್ಮೆ ಮೇಲೆದ್ದಿತು. ಒಣ ಗರಿಗಳೆಲ್ಲ ಒಟ್ಟಿಗೆ ಮುರಿದಂತಾಯಿತು. ಅದರ ಒಳಗಿನಿಂದ, ಬಾಯಿಗಿಂತ ಮೊದಲು ಎಲುಬಿನಿಂದ, ಅವನ ಕಿವಿಯೊಳಕ್ಕೆ ನೇರವಾಗಿ ಬಂತು.

"ಒಲ್ಲೆ."